ಉಳಿದಿದ್ದ ಸೀಟು

ಮೊನ್ನೆ ಒಂದು ವಾಟ್ಸ್ಯಾಪ್ ಗುಂಪಿನಲ್ಲಿ ಫಾರ್ವರ್ಡ್ ಬಂತು. ಈಜಿಪ್ಟಿನ ಸೂಯೆಜ್ ಕಾಲುವೆಯ ಉದ್ಘಾಟನೆಗೆಂದು ಇಟಲಿಯ ಸಂಗೀತಗಾರ ವೆರ್ಡಿ 'ಆಯಿದಾ' ಎಂಬ ಒಪೆರಾ (ಮಾತಿನ ಬದಲು ಹಾಡಿನಲ್ಲೇ ನಡೆಯುವ ನಾಟಕ) ಬರೆದು, ಕೈರೋಗೆ ಹೋಗಿ ಆಡಿಸಿದನಂತೆ. ಒಂದೇ ಸಾಲು, ತಪ್ಪು ಎರಡು. ಕಾಲುವೆ ತೆರೆದದ್ದು 1869ರ ನವೆಂಬರ್‌ನಲ್ಲಿ. 'ಆಯಿದಾ' ಮೊದಲು ರಂಗಕ್ಕೆ ಬಂದದ್ದು 1871ರ ಡಿಸೆಂಬರ್ 24ರಂದು. ಇನ್ನು ವೆರ್ಡಿ ಕೈರೋಗೆ ಹೋಗಲೇ ಇಲ್ಲ. ಇಟಲಿಯಲ್ಲೇ ಕೂತಿದ್ದ.

ಹಾಗಾದರೆ ಆ ರಾತ್ರಿ ವಾದ್ಯಗಾರರ ಮುಂದೆ ಕೋಲು ಹಿಡಿದು ನಿಂತವನು ಯಾರು? ಜೊವಾನ್ನಿ ಬೊಟ್ಟೆಸೀನಿ. ಗುಂಪಿನಲ್ಲಿ ಇದನ್ನು ಬರೆದೆ. ಒಬ್ಬರು ಹೆಬ್ಬೆರಳು ಎತ್ತಿದರು, ಅಷ್ಟೆ. ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ. ನಾನು ಪಾಶ್ಚಾತ್ಯ ಸಂಗೀತ ಕಲಿತವನಲ್ಲ, ಕೇಳುವವನು. ಆದರೆ ಈ ಮನುಷ್ಯನ ಮೇಲೆ ನನಗೆ ಬಹಳ ದಿನದಿಂದ ಒಂದು ಬಗೆಯ ಅಕ್ಕರೆ ಇದೆ.

ಬೊಟ್ಟೆಸೀನಿ ಹುಟ್ಟಿದ್ದು 1821ರಲ್ಲಿ, ಉತ್ತರ ಇಟಲಿಯ ಕ್ರೆಮಾ ಎಂಬ ಊರಿನಲ್ಲಿ. ಅಪ್ಪ ಕ್ಲಾರಿನೆಟ್ ನುಡಿಸುತ್ತಿದ್ದ. ಹುಡುಗ ಪಿಟೀಲು ಕಲಿಯುತ್ತಿದ್ದ. 1835ರಲ್ಲಿ ಮಿಲಾನ್ ಸಂಗೀತ ಶಾಲೆಗೆ ಸೇರಿಸಲು ಅಪ್ಪ ಹೊರಟ. ಫೀಸು ಕಟ್ಟುವ ಶಕ್ತಿ ಇಲ್ಲ, ವಿದ್ಯಾರ್ಥಿವೇತನ ಸಿಕ್ಕರೆ ಮಾತ್ರ ಓದು. ಹೋಗಿ ಕೇಳಿದರೆ ಖಾಲಿ ಇದ್ದದ್ದು ಎರಡೇ ಜಾಗ. ಒಂದು ಬಾಸೂನ್ ಎಂಬ ಊದುವ ವಾದ್ಯ, ಇನ್ನೊಂದು ಡಬಲ್ ಬೇಸ್. ಹುಡುಗ ಡಬಲ್ ಬೇಸ್ ಆರಿಸಿಕೊಂಡ. ನೋಡದೇ ಇದ್ದವರಿಗೆ ಹೇಳುತ್ತೇನೆ, ಅದು ಪಿಟೀಲಿನ ಜಾತಿಯದೇ ವಾದ್ಯ, ಆದರೆ ಆಳೆತ್ತರ. ನಿಂತೇ ನುಡಿಸಬೇಕು, ಇಲ್ಲವೇ ಎತ್ತರದ ಸ್ಟೂಲ್ ಮೇಲೆ ಕೂರಬೇಕು. ವಾದ್ಯವೃಂದದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಗುಂಯ್ ಅನ್ನುತ್ತಾ ತಳ ಕಟ್ಟುವುದು ಅದರ ಕೆಲಸ. ಯಾರೂ ಆಸೆಪಟ್ಟು ಕಲಿಯುವ ವಾದ್ಯ ಆಗಿರಲಿಲ್ಲ.

ಕೆಲವೇ ವಾರ ಅಭ್ಯಾಸ ಮಾಡಿ ಪರೀಕ್ಷೆಗೆ ನಿಂತ. ಅಪಸ್ವರ ಬಿತ್ತು. ಹದಿಮೂರು ವರ್ಷದ ಹುಡುಗ ಪರೀಕ್ಷಕರಿಗೆ ಏನಂದನಂತೆ ಗೊತ್ತಾ? 'ತಪ್ಪಾಯಿತು ಅಂತ ಗೊತ್ತು ಸ್ವಾಮಿ. ಬೆರಳು ಎಲ್ಲಿಡಬೇಕು ಅಂತ ಗೊತ್ತಾದ ಮೇಲೆ ಹೀಗಾಗುವುದಿಲ್ಲ.' ಸೀಟು ಸಿಕ್ಕಿತು.

ನಾಲ್ಕು ವರ್ಷ ಲುಯಿಜಿ ರೊಸ್ಸಿ ಎಂಬ ಗುರುವಿನ ಬಳಿ ಕಲಿತು ಹೊರಬಂದ. ಬಹುಮಾನವಾಗಿ ಬಂದ ದುಡ್ಡಿಗೆ ಸಾಲವೂ ಸೇರಿಸಿ ಒಂದು ಹಳೆಯ ವಾದ್ಯ ಕೊಂಡ ಅನ್ನುತ್ತಾರೆ. ಮಿಲಾನಿನ ಟೆಸ್ಟೋರೆ ಮನೆತನದವರು ಮಾಡಿದ್ದು, ಮೂರೇ ತಂತಿ. ಒಂದು ಬೊಂಬೆಯಾಟದ ಮಂದಿರದಲ್ಲಿ ಗುಜರಿ ಸಾಮಾನಿನ ಅಡಿ ಬಿದ್ದಿತ್ತು ಅಂತ ಕತೆ. ಕತೆ ಎಷ್ಟು ನಿಜವೋ, ಇವನ ಕೈಗೆ ಬರಬೇಕಾದ ವಾದ್ಯವೇ ಅದು ಅಂತ ಮಾತ್ರ ನನಗೆ ಅನ್ನಿಸುತ್ತದೆ.

1846ರಲ್ಲಿ ಗೆಳೆಯ ಅರ್ದೀತಿ ಜೊತೆ ಹಡಗು ಹತ್ತಿ ಕ್ಯೂಬಾದ ಹವಾನಾಕ್ಕೆ ಹೋದ. ಅಲ್ಲಿನ ಇಟಾಲಿಯನ್ ಒಪೆರಾ ತಂಡದಲ್ಲಿ ಬೇಸ್ ನುಡಿಸುವ ಕೆಲಸ. ನಿಧಾನಕ್ಕೆ ಕಂಡಕ್ಟರ್ ಆದ, ಅಂದರೆ ಕೋಲು ಹಿಡಿದು ವಾದ್ಯವೃಂದವನ್ನು ನಡೆಸುವವನು. (ಕಂಡಕ್ಟರ್ ಅಂದರೆ ನಮಗೆ ಸೀಟಿ ಊದುವವರೇ ಕಣ್ಣ ಮುಂದೆ ಬರುತ್ತಾರೆ, ಏನು ಮಾಡೋಣ. ಇವನೂ ದಾರಿಯುದ್ದಕ್ಕೂ ನಿಂತೇ ಇದ್ದವನು.) ಕ್ರಿಸ್ಟೋಫರ್ ಕೊಲಂಬಸ್ ಬಗ್ಗೆ ತನ್ನ ಮೊದಲ ಒಪೆರಾ ಬರೆದು ಹವಾನಾದಲ್ಲೇ ಆಡಿಸಿದ. ಆಮೇಲೆ ಅಮೆರಿಕ, ಲಂಡನ್, ಮೆಕ್ಸಿಕೋ, ಪ್ಯಾರಿಸ್, ಬಾರ್ಸಿಲೋನಾ. 1854ರಲ್ಲಿ ಮೆಕ್ಸಿಕೋದ ರಾಷ್ಟ್ರಗೀತೆಯನ್ನು ಮೊದಲ ಸಲ ಜನರ ಮುಂದೆ ಹಾಡಿದ್ದು ಇವನ ಒಪೆರಾ ತಂಡದ ಗಾಯಕರು. ಬೇರೆ ದೇಶದ ರಾಷ್ಟ್ರಗೀತೆಗೆ ಇಟಲಿಯವರು ಬಾಯಿ ಕೊಟ್ಟರು ಅನ್ನಿ.

ಇವನದೊಂದು ಅಭ್ಯಾಸ ನನಗೆ ಭಾರಿ ಇಷ್ಟ. ಒಪೆರಾ ನಡೆಸುತ್ತಾ ಇರುವಾಗ ಮಧ್ಯೆ ಬಿಡುವು ಬರುತ್ತದಲ್ಲ, ಜನ ಎದ್ದು ಕೈಕಾಲು ಆಡಿಸುವ ಹೊತ್ತು. ಆಗ ಕೋಲು ಕೆಳಗಿಟ್ಟು, ಆ ದೊಡ್ಡ ವಾದ್ಯವನ್ನು ರಂಗದ ಮೇಲೆ ತಂದು ನಿಲ್ಲಿಸುತ್ತಿದ್ದ. ಅದೇ ರಾತ್ರಿಯ ಒಪೆರಾದ ಹಾಡುಗಳನ್ನೇ ಹಿಡಿದು, ಬೆಳೆಸಿ, ಪಿಟೀಲಿನಷ್ಟು ಮೇಲಿನ ಸ್ವರಗಳಲ್ಲಿ ನುಡಿಸುತ್ತಿದ್ದ. ಈಗಷ್ಟೇ ಗಾಯಕಿ ಹಾಡಿ ಒಳಗೆ ಹೋಗಿದ್ದನ್ನು ಹಿಂದಿನ ಸಾಲಿನ ವಾದ್ಯ ಮುಂದೆ ಬಂದು ಹಾಡಿದ ಹಾಗೆ. ಗಾಯಕಿಯರಿಗೆ ಹೊಟ್ಟೆ ಉರಿದಿರಲಿಕ್ಕೂ ಸಾಕು.

ಈಗ ಕೈರೋ. ಅಲ್ಲಿನ ಖೆದೀವ್, ಅಂದರೆ ಈಜಿಪ್ಟ್ ಆಳುತ್ತಿದ್ದ ಇಸ್ಮಾಯಿಲ್ ಪಾಶಾ ಕಟ್ಟಿಸಿದ ಒಪೆರಾ ಮಂದಿರ 1869ರ ನವೆಂಬರ್ 1ರಂದು ತೆರೆದಾಗ ಆಡಿದ್ದು ವೆರ್ಡಿಯದೇ ಹಳೆಯ ಒಪೆರಾ 'ರಿಗೊಲೆತ್ತೋ'. 'ಆಯಿದಾ' ಬೇಕೆಂದು ಕೇಳಿದ್ದು ಆಮೇಲೆ. ವೆರ್ಡಿಗೆ 1,50,000 ಫ್ರಾಂಕ್ ಸಂಭಾವನೆ. 1871ರ ಜನವರಿಯಲ್ಲೇ ಆಗಬೇಕಿತ್ತು. ಆದರೆ ಉಡುಪು, ರಂಗಸಜ್ಜಿಕೆ ಎಲ್ಲ ಪ್ಯಾರಿಸ್‌ನಲ್ಲಿ ತಯಾರಾಗುತ್ತಿದ್ದವು. ಪ್ರಷ್ಯಾದ ಸೈನ್ಯ ಪ್ಯಾರಿಸ್ ಅನ್ನು ಸುತ್ತುವರಿಯಿತು. ಸಾಮಾನು ಒಳಗೆ, ಒಪೆರಾ ಹೊರಗೆ. ಉಡುಪಿನ ಉಸ್ತುವಾರಿ ಈಜಿಪ್ಟಿನ ಪುರಾತತ್ವ ಪಂಡಿತ ಮರಿಯೆತ್‌ನದು. ಗಾಯಕರು ಗಡ್ಡಮೀಸೆ ಬೋಳಿಸಲೇಬೇಕು ಅಂತ ಅವನದು ಹಟ. ಕತೆ ನಡೆಯುವುದು ಪುರಾತನ ಈಜಿಪ್ಟಿನಲ್ಲಿ, ಗಡ್ಡ ಬಿಟ್ಟ ಫರೋಹನನ್ನು, ಅಂದರೆ ಅಲ್ಲಿನ ದೊರೆಯನ್ನು, ಅವನಿಗೆ ಊಹಿಸಿಕೊಳ್ಳೋಕೂ ಆಗಲಿಲ್ಲ.

ಕಂಡಕ್ಟರ್ ವಿಷಯ ನೋಡಿ. ಮೊದಲು ಗೊತ್ತುಮಾಡಿದ್ದು ವೆರ್ಡಿಯ ಶಿಷ್ಯ ಮುತ್ಸಿಯೋನನ್ನು. ತಡವಾದ್ದರಿಂದ ಅದು ತಪ್ಪಿತು. ಆಗಿನ ಇಟಲಿಯ ದೊಡ್ಡ ಕಂಡಕ್ಟರ್ ಮರಿಯಾನಿಯನ್ನು ಕೇಳಿದರು. ಅವನು ಒಲ್ಲೆ ಅಂದ. ಕೊನೆಗೆ ಬಂದದ್ದು ಬೊಟ್ಟೆಸೀನಿ ಪಾಲಿಗೆ. ಮತ್ತೆ ಉಳಿದಿದ್ದ ಸೀಟು.

ವೆರ್ಡಿ ಇಟಲಿಯಿಂದ ಅವನಿಗೆ ಕಾಗದ ಬರೆದ. ಕೊನೆಯ ದೃಶ್ಯ ಹೇಗೆ ಬಂತು, ನನಗೆ ತಿಳಿಸು ಅಂತ. ಆ ಕಾತರ ಸುಮ್ನೆ ಅಲ್ಲ. ಆ ದೃಶ್ಯದಲ್ಲಿ ರಂಗ ಎರಡು ಅಂತಸ್ತು. ಮೇಲೆ ಬೆಳಕು ತುಂಬಿದ ದೇವಾಲಯ. ಕೆಳಗೆ ಕತ್ತಲ ನೆಲಮಾಳಿಗೆ, ಅಲ್ಲಿ ಜೀವಂತ ಸಮಾಧಿಯಾದ ನಾಯಕ ರದಾಮೆಸ್, ಅವನ ಜೊತೆ ಸಾಯಲು ಮೊದಲೇ ನುಸುಳಿ ಬಂದ ಪ್ರೇಯಸಿ ಆಯಿದಾ. ಮೂರು ಗಂಟೆ ತುತ್ತೂರಿ, ಮೆರವಣಿಗೆ, ಕುಣಿತ ಅಂತ ಅಬ್ಬರಿಸಿದ ಒಪೆರಾ, ಕೊನೆಗೆ ಉಸಿರು ನಿಂತಷ್ಟು ಮೆಲ್ಲಗೆ ಮುಗಿಯುತ್ತದೆ. ದೊಡ್ಡ ಸದ್ದು ಹೊರಡಿಸಲು ಯಾವ ಕಂಡಕ್ಟರ್ ಆದರೂ ಸಾಕು. ಇಡೀ ವಾದ್ಯವೃಂದವನ್ನು ಪಿಸುಮಾತಿಗೆ ಇಳಿಸಿ, ಆದರೂ ಸ್ವರ ಸಾಯದಂತೆ ಹಿಡಿಯುವುದು ಕಷ್ಟ. ಬದುಕಿಡೀ ತಳದ ಸ್ವರ ಹಿಡಿದವನಿಗೆ ಅದು ಗೊತ್ತಿತ್ತು ಅಂತ ನನ್ನ ಲೆಕ್ಕ.

ಕೈರೋದಲ್ಲಿ ಭಾರಿ ಮೆಚ್ಚುಗೆ ಸಿಕ್ಕಿತು. ಆದರೆ ಕೂತಿದ್ದವರೆಲ್ಲ ಆಹ್ವಾನಿತ ಗಣ್ಯರು, ಸಾಮಾನ್ಯ ಜನಕ್ಕೆ ಜಾಗ ಇರಲಿಲ್ಲ. ವೆರ್ಡಿಗೆ ಇದು ಹಿಡಿಸಲಿಲ್ಲ. 1872ರ ಫೆಬ್ರವರಿ 8ರಂದು ಮಿಲಾನಿನ ಲಾ ಸ್ಕಾಲಾ ಒಪೆರಾ ಮಂದಿರದಲ್ಲಿ ತಾನೇ ನಿಂತು ತಾಲೀಮು ಮಾಡಿಸಿದ್ದನ್ನೇ ನಿಜವಾದ ಮೊದಲ ಪ್ರದರ್ಶನ ಅಂತ ಲೆಕ್ಕ ಹಾಕಿದ. ವೆರ್ಡಿಯ ಬೇಸರ ಅರ್ಥವಾಗುತ್ತದೆ. ಆದರೂ ಅಚ್ಚುಕಟ್ಟಾಗಿ ಅಡುಗೆ ಮಾಡಿ ಬಡಿಸಿದವನನ್ನು ಪಕ್ಕಕ್ಕಿಟ್ಟು, ಮರುದಿನದ ಊಟವೇ ಮೊದಲ ಊಟ ಅಂದ ಹಾಗಾಯಿತು, ಅಲ್ವಾ? ಇದು ನನ್ನ ತಕರಾರು.

ಬೊಟ್ಟೆಸೀನಿ ಬರೆದ ಒಪೆರಾಗಳು ಹತ್ತಕ್ಕೂ ಜಾಸ್ತಿ. 'ಅಲಿ ಬಾಬಾ' ಲಂಡನ್ನಿನಲ್ಲಿ ಆಡಿತು. 1879ರಲ್ಲಿ ಟೂರಿನ್‌ನಲ್ಲಿ 'ಏರೋ ಎ ಲಿಯಾಂದ್ರೋ'. ಒಂದೂ ಇವತ್ತು ಸುಲಭಕ್ಕೆ ನೋಡಲು ಸಿಗುವುದಿಲ್ಲ. ಅಭಿಮಾನಿಯಾಗಿ ಸುಳ್ಳು ಹೇಳಲಾರೆ, ನನ್ನ ಕಿವಿಗೆ ಬಿದ್ದ ತುಣುಕುಗಳು ಬೇರೆಯವರ ಒಪೆರಾದ ಹಾಗೇ ಕೇಳಿಸಿದವು. ರಾತ್ರಿರಾತ್ರಿ ಇನ್ನೊಬ್ಬರ ರಾಗಗಳನ್ನೇ ಕೈಯಲ್ಲಿ ತೂಗಿದವನ ತಲೆಯಲ್ಲಿ ಸ್ವಂತದ್ದಕ್ಕೆ ಎಷ್ಟು ಜಾಗ ಉಳಿದೀತು? ಡಬಲ್ ಬೇಸ್‌ಗೆ ಬರೆದದ್ದು ಮಾತ್ರ ಬೇರೆಯೇ. ಅಲ್ಲಿ ಅವನಿಗಿಂತ ಮೊದಲು ಬೇರೆಯವರು ನಡೆದ ದಾರಿ ಹೆಚ್ಚು ಇರಲಿಲ್ಲ. ಇವತ್ತಿಗೂ ಡಬಲ್ ಬೇಸ್ ಕಲಿಯುವವರು ಅವನ ಕಾನ್ಚೆರ್ಟೋ (ವಾದ್ಯವೃಂದದ ಜೊತೆ ಒಂದು ವಾದ್ಯ ಮುಂದೆ ನಿಂತು ನುಡಿಸುವ ಕೃತಿ) ದಾಟದೆ ಮುಂದೆ ಹೋಗುವಂತಿಲ್ಲ.

1889ರಲ್ಲಿ ಪಾರ್ಮಾದ ಸಂಗೀತ ಶಾಲೆಗೆ ನಿರ್ದೇಶಕನಾದ. ವೆರ್ಡಿಯೇ ಶಿಫಾರಸು ಮಾಡಿದ್ದ. ಅಂತೂ ಊರಿನ ಕಡೆ ಒಂದು ನೆಲೆ. ಅದೇ ವರ್ಷ ಜುಲೈ 7ರಂದು ತೀರಿಕೊಂಡ. ಕೈರೋದ ಆ ಮಂದಿರ ಹೆಚ್ಚಾಗಿ ಮರದ್ದು, 1971ರ ಅಕ್ಟೋಬರ್‌ನಲ್ಲಿ ಸುಟ್ಟುಹೋಯಿತು. ಆ ಜಾಗದಲ್ಲಿ ವಾಹನ ನಿಲ್ಲಿಸುವ ಬಹುಮಹಡಿ ಕಟ್ಟಡ ಎದ್ದಿತು.

ಕೇಳುವ ಮನಸ್ಸಿದ್ದರೆ ಡಬಲ್ ಬೇಸ್‌ಗೆ ಅವನು ಬರೆದ 'ಎಲೆಜಿ' (ಶೋಕಗೀತೆ) ಇಂದ ಶುರುಮಾಡಿ. ಐದಾರು ನಿಮಿಷ, ಪಿಯಾನೋ ಜೊತೆ. ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಬೇಡ, ತಳದ ಸ್ವರ ಅರ್ಧಕ್ಕರ್ಧ ಮಾಯವಾಗುತ್ತದೆ. ಹೆಡ್‌ಫೋನ್ ಹಾಕಿಕೊಳ್ಳಿ.