ಗಡ್ಡೆ ಕರಗಿತಂತೆ. ಎಷ್ಟು ತಿಂಗಳು?

ದಾವಣಗೆರೆಯಲ್ಲಿ ನಮ್ಮದು ಮೆಡಿಕಲ್ ಶಾಪ್. ಎಲೆಅಡಿಕೆ, ಗುಟ್ಕಾ ಜಾಸ್ತಿ ಇರುವ ಊರು, ಹಾಗಾಗಿ ಬಾಯಿ ಕ್ಯಾನ್ಸರ್‌ನವರ ಚೀಟಿಗಳು ಬರುತ್ತಲೇ ಇರುತ್ತವೆ. ಮನೆಯವರು ಮೊಬೈಲ್ ಮುಂದೆ ಹಿಡಿದು ಕೇಳುತ್ತಾರೆ: "ಅಣ್ಣಾ, ಈ ಹೊಸ ಔಷಧಿಯಲ್ಲಿ ಅರ್ಧಕ್ಕರ್ಧ ಜನರಿಗೆ ಗಡ್ಡೆ ಕರಗಿದೆಯಂತೆ, ತರಿಸಿಕೊಡ್ತೀರಾ?"

ಈ 'ಕರಗಿದೆ' ಅನ್ನೋದಕ್ಕೆ ಒಂದು ಲೆಕ್ಕ ಇದೆ. ಹೆಸರು ರೆಸಿಸ್ಟ್. 2000ದಲ್ಲಿ ಬಂತು, 2009ರಲ್ಲಿ ತಿದ್ದಿದರು. ಸ್ಕ್ಯಾನ್‌ನಲ್ಲಿ ಹೆಚ್ಚೆಂದರೆ 5 ಗಡ್ಡೆ ಆರಿಸಿ, ಉದ್ದ ಅಳೆದು ಕೂಡಿಸುತ್ತಾರೆ. ಮೊತ್ತ ಶೇ 30 ಇಳಿದರೆ ಔಷಧಿಗೆ ಗಡ್ಡೆ ಸ್ಪಂದಿಸಿದೆ ಅಂತ ಬರೆಯುತ್ತಾರೆ. ಶೇ 29 ಇಳಿದರೆ ಇಲ್ಲ! ಅಂದಹಾಗೆ ಶೇ 30 ಅಂದರೆ ಕಡಿಮೆಯೇನಲ್ಲ. ಉರುಟು ಗಡ್ಡೆಯ ಅಡ್ಡಳತೆ ಅಷ್ಟು ಇಳಿದರೆ ಅದರ ಗಾತ್ರದಲ್ಲಿ ಮೂರನೇ ಎರಡು ಭಾಗ ಹೋದಂತೆ.

ಈ ಶೇ 30ರ ಗೆರೆಯನ್ನು ಎಲ್ಲಿಂದ ತಂದರು ಗೊತ್ತಾ? 1976ರಲ್ಲಿ ಮೋರ್ಟೆಲ್, ಹ್ಯಾನ್ಲಿ ಅನ್ನುವ ಇಬ್ಬರು ಗಡ್ಡೆಯ ಬದಲಿಗೆ ಫೋಮ್ ಕೆಳಗೆ ಉರುಟು ಗುಂಡುಗಳನ್ನಿಟ್ಟು, 16 ಕ್ಯಾನ್ಸರ್ ಡಾಕ್ಟರುಗಳಿಂದ ಕೈಯಲ್ಲಿ ಮುಟ್ಟಿ ಅಳೆಸಿದರು. ಒಬ್ಬರ ಅಳತೆ ಇನ್ನೊಬ್ಬರಿಗೆ ಹೊಂದಲಿಲ್ಲ. ಅದಕ್ಕೇ ಉದ್ದ ಅಗಲ ಗುಣಿಸಿದ್ದು ಅರ್ಧಕ್ಕಿಳಿದರೆ ಮಾತ್ರ ನಂಬೋಣ ಅನ್ನುವ ಲೆಕ್ಕ ನಿಂತಿತು. ಬರೀ ಉದ್ದದಲ್ಲಿ ಹೇಳಿದರೆ ಅದೇ ಸುಮಾರು ಶೇ 30. ಅಂದರೆ ಅಳೆಯುವವರ ಕೈತಪ್ಪನ್ನು ಗುಣ ಅಂದುಕೊಳ್ಳಬಾರದು ಅಂತ ಎಳೆದ ಗೆರೆ ಇದು. ರೋಗಿ ಎಷ್ಟು ವರ್ಷ ಬದುಕುತ್ತಾರೆ ಅನ್ನೋದಕ್ಕೂ ಇದಕ್ಕೂ ನೇರ ನಂಟಿಲ್ಲ.

ಹಾಗಂತ ಈ ಅಳತೆ ದಂಡ ಅಂತ ನಾನು ಹೇಳುವುದಿಲ್ಲ. ಗಡ್ಡೆ ತಾನಾಗಿ ಚಿಕ್ಕದಾಗುವುದು ತೀರಾ ಅಪರೂಪ. ಅದಕ್ಕೇ ಕೆಲವೇ ಜನರ ಮೇಲೆ ನೋಡಿದರೂ, ಔಷಧಿಯಲ್ಲಿ ಸತ್ವ ಇದೆಯಾ ಅಂತ ಕೆಲವೇ ತಿಂಗಳಲ್ಲಿ ಸುಳಿವು ಸಿಗುತ್ತದೆ. ಆಯಸ್ಸು ಹೆಚ್ಚಿತಾ ಅಂತ ತಿಳಿಯಲು ವರ್ಷಗಟ್ಟಲೆ ಕಾಯಬೇಕು.

ಜೆಫಿಟಿನಿಬ್ ಕಥೆ ನೋಡಿ. ಶ್ವಾಸಕೋಶದ ಕ್ಯಾನ್ಸರ್‌ನ ಮಾತ್ರೆ. 100ಕ್ಕೆ ಸುಮಾರು 10 ಜನರಲ್ಲಿ ಗಡ್ಡೆ ಇಳಿಯಿತು ಅಂತ 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಕೊಟ್ಟರು. ಆಮೇಲೆ ಸುಮಾರು 1,700 ರೋಗಿಗಳ ಪ್ರಯೋಗ ನಡೆಯಿತು. ಒಟ್ಟಾರೆ ನೋಡಿದರೆ, ಆಯಸ್ಸು ಹೆಚ್ಚಿದ್ದು ಖಚಿತವಾಗಿ ಕಾಣಲಿಲ್ಲ. 2005ರಲ್ಲಿ ಹೊಸ ರೋಗಿಗಳಿಗೆ ಬರೆಯುವುದು ಅಲ್ಲಿ ಬಹುತೇಕ ನಿಂತಿತು. ಆದರೆ ಆ ಹತ್ತರಲ್ಲಿ ಹೆಚ್ಚಿನವರ ಗಡ್ಡೆಯಲ್ಲಿ ಇಜಿಎಫ್ಆರ್ ಅನ್ನುವ ಜೀನ್ ಬದಲಾಗಿತ್ತು! ಅಂಥವರಿಗೆ ಅಂತಲೇ 2015ರಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು. ಸುಳಿವು ಸುಳ್ಳಾಗಿರಲಿಲ್ಲ. ಅದನ್ನು ಎಲ್ಲರಿಗೂ ಹಂಚಿದ್ದೇ ಎಡವಟ್ಟು, ಅಲ್ವಾ?

ನಮ್ಮ ಕಡೆ ಚಿಕಿತ್ಸೆಗೆ ಅಂತ ಅಡಿಕೆ ತೋಟ ಅಡ ಇಡುತ್ತಾರೆ. ಇಡುವ ಮುಂಚೆ ಡಾಕ್ಟರ್ ಹತ್ತಿರ ಕೇಳಿ: ಇಳಿದ ಗಡ್ಡೆ ಎಷ್ಟು ತಿಂಗಳು ಹಾಗೇ ಇರುತ್ತದೆ? ಹಳೇ ಔಷಧಿಯವರಿಗಿಂತ ಇವರು ಜಾಸ್ತಿ ದಿನ ಬದುಕಿದರಾ, ಊಟ ಮಾಡಿಕೊಂಡು ಓಡಾಡಿಕೊಂಡು ಇದ್ದರಾ? ನಮ್ಮ ಗಡ್ಡೆಗೆ ಯಾವ ಟೆಸ್ಟ್ ಮಾಡಿಸಬೇಕು? ಬೇಜಾರು ಮಾಡಿಕೊಳ್ಳದೆ ಉತ್ತರ ಕೊಡುವ ಡಾಕ್ಟರುಗಳು ಇದ್ದಾರೆ. ಸುದ್ದಿ ಹಾಕುವವರಿಗೂ ಒಂದು ಮಾತು: ಶೇಕಡಾ ಇಷ್ಟು ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತೀರಲ್ಲ, ಎಷ್ಟು ತಿಂಗಳು ಅನ್ನೋದನ್ನೂ ಅಷ್ಟೇ ದಪ್ಪಕ್ಕೆ ಹಾಕಿ.