ವಿಲನ್ ಸುಮ್ಮನೆ ಬಂದವಳಲ್ಲ

'ಮೈ ಲಿಟಲ್ ಪೋನಿ: ಈಕ್ವೆಸ್ಟ್ರಿಯಾ ಗರ್ಲ್ಸ್' ಕಾರ್ಟೂನ್ ಸರಣಿಯ 'ಫ್ರೆಂಡ್‌ಶಿಪ್ ಗೇಮ್ಸ್' (2015) ಚಿತ್ರದ ವಿಲನ್‌ಗೆ ಗಟ್ಟಿ ಕಾರಣವೇ ಇಲ್ಲ ಅಂತ ಬರೆದಿದ್ದೀರಿ. ಒಪ್ಪೋಕಾಗಲ್ಲ ಸರ್. ಪ್ರಿನ್ಸಿಪಾಲ್ ಸಿಂಚ್‌ಗೆ ಬೇಕಿರೋದು ಕ್ರಿಸ್ಟಲ್ ಪ್ರೆಪ್ ಶಾಲೆಯ ಹೆಸರು, ಅಷ್ಟೇ. ಎವರ್ಟನ್ ಅನ್ನೋ ಸ್ವತಂತ್ರ ಅಧ್ಯಯನ ಕಾರ್ಯಕ್ರಮಕ್ಕೆ ಸೇರಿ ತನ್ನ ಪಾಡಿಗೆ ಓದಬೇಕು ಅಂತಿರೋ ಅಲ್ಲಿನ ವಿದ್ಯಾರ್ಥಿನಿ ಟ್ವೈಲೈಟ್‌ಳ ಅರ್ಜಿ ಹಿಡಿದುಕೊಂಡೇ ಅವಳನ್ನು ಕ್ಯಾಂಟರ್‌ಲಾಟ್ ಹೈ ಶಾಲೆ ಎದುರಿನ ಆಟಕ್ಕೆ ಎಳೀತಾಳೆ. ಗದರೋದಿಲ್ಲ, ಕೂಗಾಡೋದಿಲ್ಲ, ನಯವಾಗಿ ಮಾತಾಡಿಯೇ ಬಗ್ಗಿಸ್ತಾಳೆ. ಕೊನೆಯ ಸ್ಪರ್ಧೆಗೆ ಮುಂಚೆ ಇಡೀ ತಂಡ ಸುತ್ತುವರಿದು ಹಾಡ್ತಾ, ನೀನು ಯಂತ್ರದಲ್ಲಿ ಹಿಡಿದಿಟ್ಟಿರೋ ಮಾಯಾಶಕ್ತಿ ಹೊರಗೆ ಬಿಡು ಅಂತ ಹುಡುಗಿಯನ್ನು ಹುರಿದುಂಬಿಸೋ ದೃಶ್ಯ ಇನ್ನೊಮ್ಮೆ ನೋಡಿ, ಮೈ ಜುಮ್ಮೆನ್ನುತ್ತೆ.

ಆ ಶಕ್ತಿಯಿಂದ ರಾಕ್ಷಸಿಯಾಗೋ ಟ್ವೈಲೈಟ್‌ಳನ್ನು ವಾಪಸ್ ಕರೆತರೋಳು ಕ್ಯಾಂಟರ್‌ಲಾಟ್ ಹೈ ಶಾಲೆಯ ಸನ್‌ಸೆಟ್ ಆಗಿರೋದೂ ಸರಿಯಾಗೇ ಇದೆ. 2013ರ ಮೊದಲ ಚಿತ್ರದಲ್ಲಿ ಕಿರೀಟದ ಆಸೆಗೆ ಬಿದ್ದು ರಾಕ್ಷಸಿಯಾದವಳು ಅವಳೇ ತಾನೆ? ಬೇರೆ ಯಾರು ಬುದ್ಧಿ ಹೇಳಿದ್ರೂ ಉಪದೇಶ ಅನ್ನಿಸ್ತಿತ್ತು.

ಬಿಲ್ಲುಗಾರಿಕೆ, ಸ್ಕೇಟಿಂಗ್, ಬೈಕ್ ರೇಸ್ ಎಲ್ಲ ಸೇರಿಸಿದ ರಿಲೇ ಮಸ್ತಾಗಿದೆ. ಆದ್ರೆ ಕೊನೆಗೆ ಎರಡೂ ಶಾಲೆ ಗೆದ್ದವು ಅಂದುಬಿಟ್ಟಿದ್ದು ಮಾತ್ರ ತೇಪೆ ಹಚ್ಚಿದ ಹಾಗಿತ್ತು. ಕ್ರಿಸ್ಟಲ್ ಪ್ರೆಪ್ ತಂಡದ ಉಳಿದ ಹುಡುಗಿಯರಿಗೆ ಇನ್ನೊಂದೆರಡು ಸೀನ್ ಕೊಟ್ಟಿದ್ರೆ ಆ ರಾಜಿ ನಂಬೋ ಹಾಗಿರ್ತಿತ್ತು.