ಇಳಿದ ತೂಕದ ಲೆಕ್ಕ

ಹುಬ್ಬಳ್ಳಿಯಲ್ಲಿ ದಪ್ಪಗಾಗಲು ಯಾರ ಅಪ್ಪಣೆಯೂ ಬೇಕಿಲ್ಲ. ಹೊಟ್ಟೆ ಮುಂದೆ ಬಂದರೆ ‘ಉಂಡದ್ದು ಮೈಗೆ ಹತ್ತಿದೆ’, ‘ಸಂಬಳ ಏರಿರಬೇಕು’ ಎಂದು ಓಣಿಗೆ ಓಣಿಯೇ ಸಂತೋಷಪಡುತ್ತದೆ. ಅದೇ ಹೊಟ್ಟೆ ಎರಡು ಬೆರಳಿನಷ್ಟು ಹಿಂದೆ ಸರಿಯಲಿ, ಸಾಲ ಮಾಡಿದ್ದಾನೋ, ಸಕ್ಕರೆ ಕಾಯಿಲೆಯೋ, ಮನೆಯಲ್ಲಿ ಜಗಳವೋ ಎಂದು ವಿಚಾರಣೆ ಶುರುವಾಗುತ್ತದೆ. ಕೊಬ್ಬು ಕರಗಿಸುವ ಕಷ್ಟ ಜಿಮ್ಮಿನಲ್ಲಿ ಒಂದು ತಾಸಿಗೆ ಮುಗಿಯುತ್ತದೆ. ಕರಗಿದ ಕೊಬ್ಬಿಗೆ ಊರಿಗೆಲ್ಲ ಲೆಕ್ಕ ಒಪ್ಪಿಸುವ ಕಷ್ಟಕ್ಕೆ ವೇಳೆಯಿಲ್ಲ.

ನನ್ನ ತೂಕ 82 ಕೆಜಿ ಇತ್ತು. ಎತ್ತರ ಕೇಳಬೇಡಿ. ವಿದ್ಯಾನಗರದಲ್ಲಿ ನಾನು ಸೇರಿದ ಜಿಮ್ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಅಷ್ಟು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದದ್ದನ್ನು ಯಾರೂ ವ್ಯಾಯಾಮವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ಆ ಜಾಗದ ಮೊದಲ ಅನ್ಯಾಯ. ಎರಡನೆಯದು ಸಂಬೋಧನೆಯದು. ಫೀ ಕಟ್ಟುವವರೆಗೆ ‘ಸರ್’ ಆಗಿದ್ದ ನಾನು ರಸೀದಿ ಕೈಗೆ ಬಂದ ಕ್ಷಣದಿಂದ ‘ಕಾಕಾ’ ಆದೆ.

ಕಾಕಾ ಎಂದವನು ತರಬೇತಿ ಕೊಡುವ ಹುಡುಗ. ಹಾವೇರಿ ಕಡೆಯವನು, ಗರಡಿಮನೆಯ ಮಣ್ಣಿನಲ್ಲಿ ಬೆಳೆದ ವಂಶ. ‘ನಮ್ಮ ಅಜ್ಜ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತಿ ಹೆಗಲ ಮೇಲಿನಿಂದ ಹಿಂದಕ್ಕೆ ಒಗೆಯುತ್ತಿದ್ದರು ಕಾಕಾ, ನೀವು ಈ ಖಾಲಿ ರಾಡ್ ಎತ್ತಿರಿ ಸಾಕು’ ಎಂದ. ತುದಿಗೆ ಒಂದೂ ಪ್ಲೇಟ್ ಹಾಕದ ಆ ಉದ್ದನೆಯ ರಾಡ್ ತಾನೇ 20 ಕೆಜಿ ಇರುತ್ತದೆ. ಇದನ್ನು ಯಾರೂ ಮೊದಲು ಹೇಳುವುದಿಲ್ಲ, ಎದೆಯ ಮೇಲೆ ಇಳಿದ ಮೇಲೆ ಅದೇ ಹೇಳುತ್ತದೆ.

ಬೈಠಕ್ ಹೊಡೆದ ದಿನ ಏನೂ ನೋಯುವುದಿಲ್ಲ. ಕಾಲರ್ ಏರಿಸಿಕೊಂಡು ಮನೆಗೆ ಬರಬಹುದು. ನೋವು ಬರುವುದು ಒಂದು ರಾತ್ರಿ ಕಳೆದ ಮೇಲೆ. ಅಭ್ಯಾಸವಿಲ್ಲದ ಸ್ನಾಯುಗಳ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಬಿರುಕು ಬೀಳುತ್ತವಂತೆ. ಅವು ಕೂಡಿಕೊಳ್ಳುವ ಹೊತ್ತಿನಲ್ಲಿ ನೋವು ಏರುತ್ತ ಹೋಗಿ, 24ರಿಂದ 72 ಗಂಟೆಗಳ ನಡುವೆ ತುದಿ ಮುಟ್ಟುತ್ತದೆ. ಆ ತುದಿಯ ಹೊತ್ತಿನಲ್ಲಿ ನಾನು ನಮ್ಮ ಮನೆಯ ಹಳೆಯ ಕಾಲದ ಶೌಚಾಲಯದಲ್ಲಿ ಕುಳಿತಿದ್ದೆ.

ಕುಳಿತುಕೊಳ್ಳುವುದು ಹೇಗೋ ಆಯಿತು, ಅರ್ಧದಿಂದ ಕೆಳಗೆ ಭೂಮಿಯೇ ಎಳೆದುಕೊಂಡಿತು. ಏಳುವಾಗ ತೊಡೆಗಳೆರಡೂ ಮಾತು ಕೇಳಲಿಲ್ಲ. ಕೈಗೆ ಸಿಕ್ಕಿದ್ದು ಗೋಡೆಯ ನಳ. ಅದನ್ನು ಹಿಡಿದು ಮೈಭಾರ ಹಾಕಿದೆ. ನಾನು ಏಳಲಿಲ್ಲ, ನಳ ಎದ್ದು ಬಂದಿತು. ತಿರುಪಿನ ಅರ್ಧ ಗೋಡೆಯೊಳಗೆ, ಇನ್ನರ್ಧ ನನ್ನ ಮುಷ್ಟಿಯಲ್ಲಿ. ಹೆಬ್ಬೆರಳಿನಿಂದ ಗೋಡೆಯ ತೂತನ್ನು ಒತ್ತಿ ಹಿಡಿದರೆ ನೀರು ಅಂಗಿಯ ತೋಳಿನೊಳಗೆ ನುಗ್ಗಿ ಕಂಕುಳಿನ ಹಾದಿಯಿಂದ ಇಳಿಯತೊಡಗಿತು. ಹೊರಗಿನಿಂದ ನನ್ನ ಹೆಂಡತಿ, ‘ರೀ, ಏನದು ಸಪ್ಪಳ?’ ಎಂದಳು. ‘ಮಾಳಿಗೆಗೆ ಹೋಗಿ ಟ್ಯಾಂಕಿನ ವಾಲ್ವ್ ಬಂದ್ ಮಾಡು’ ಎಂದೆ. ಅವಳು ಓಡಿದಳು. ಓಡಬಲ್ಲ ತೊಡೆಗಳು ಆ ಹೊತ್ತಿನಲ್ಲಿ ಮನೆಯಲ್ಲಿ ಅವಳಿಗೆ ಮಾತ್ರ ಇದ್ದವು.

ನಮ್ಮ ಓಣಿಗೆ ನೀರು ಬರುವುದು ದಿನಾಲೂ ಅಲ್ಲ. ಒಮ್ಮೆ ಬಂದರೆ ಮುಂದಿನ ವಾರದವರೆಗೆ ಟ್ಯಾಂಕೇ ಗಂಗೆ, ಟ್ಯಾಂಕೇ ಮಲಪ್ರಭೆ. ಆ ವಾರದ ಮಲಪ್ರಭೆ ಬಚ್ಚಲು ದಾಟಿ ಗಟಾರಕ್ಕೆ ಹರಿಯಿತು. ಗಟಾರದಲ್ಲಿ ತಿಳಿನೀರು ಕಂಡ ಎದುರುಮನೆಯವರು ‘ನೀರು ಬಿಟ್ಟರು!’ ಎಂದು ಕೂಗಿದರು. ಎರಡೇ ನಿಮಿಷದಲ್ಲಿ ಓಣಿಯ ತುಂಬ ಕೊಡಗಳು ಹೊರಬಂದವು, ಇಬ್ಬರು ಮೋಟಾರು ಹಚ್ಚಿದರು. ಬರೀ ಗಾಳಿ ಎಳೆದ ಮೋಟಾರುಗಳ ಗೊರಗೊರ ಶಬ್ದ ಒಳಗೆ ಕುಳಿತ ನನಗೂ ಕೇಳಿಸುತ್ತಿತ್ತು.

ಆ ವಾರ ನಾನು ಮನಸಾರೆ ಹರಸಿದ್ದು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸನ್ನು. ಅದರ ಬಾಗಿಲು ನಿಲ್ದಾಣದ ನೆಲಕ್ಕೆ ಸಮವಾಗಿ ತೆರೆದುಕೊಳ್ಳುತ್ತದೆ, ಕಾಲೆತ್ತುವ ಪ್ರಸಂಗವೇ ಇಲ್ಲ. ಅದನ್ನು ರೂಪಿಸಿದವರಲ್ಲಿ ಒಬ್ಬರಾದರೂ ಹಿಂದಿನ ದಿನ ಬೈಠಕ್ ಹೊಡೆದಿದ್ದರು ಎಂದೇ ನನ್ನ ನಂಬಿಕೆ.

ಇನ್ನು ಆಹಾರ. ಸ್ನಾಯು ಬೆಳೆಯಬೇಕಾದರೆ ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು ಎಂದ ಹುಡುಗ. ನನ್ನ ಲೆಕ್ಕಕ್ಕೆ 131 ಗ್ರಾಂ. ನಮ್ಮ ಮನೆಯಲ್ಲಿ ಮೊಟ್ಟೆ ಹೊಸ್ತಿಲು ದಾಟುವುದಿಲ್ಲ. ಮಡಕೆ ಕಾಳು, ಹೆಸರು ಕಾಳು, ಜುಣಕ, ಮೊಸರು ಎಂದು ಎಣಿಸುತ್ತ ಹೋಗಿ, 100 ಗ್ರಾಂ ಶೇಂಗಾದಲ್ಲಿ 25 ಗ್ರಾಂ ಪ್ರೋಟೀನ್ ಇದೆ ಎಂದು ಅವ್ವನಿಗೆ ಹೇಳಿದೆ. ಅದರ ಜೊತೆಗೇ ಶೇಂಗಾದ ತೂಕದ ಅರ್ಧದಷ್ಟು ಕೊಬ್ಬೂ ಇದೆ ಎನ್ನುವಷ್ಟರಲ್ಲಿ ಅವ್ವ ಅಡುಗೆಮನೆ ಸೇರಿದ್ದಳು. ಸಂಜೆಗೆ ಶೇಂಗಾ ಹೋಳಿಗೆ ಸಿದ್ಧ, ಮೇಲೆ ತುಪ್ಪ. ‘ಹುಡುಗ ಹೇಳಿದ ಔಷಧ’ ಎಂದೇ ಬಡಿಸಿದಳು.

ಜಿಮ್ಮಿಗೆ ಹೋಗದ ದಿನ ನಡೆಯಬೇಕಿತ್ತು. ಉಣಕಲ್ ಕೆರೆಯ ದಂಡೆಯಲ್ಲಿ ಪರಿಚಯದವರು ಹೆಚ್ಚು, ಮಾತು ಹೆಚ್ಚು, ನಡಿಗೆ ಕಡಿಮೆ. ಆದ್ದರಿಂದ ರೈಲು ನಿಲ್ದಾಣ ಹಿಡಿದೆ. 2023ರಲ್ಲಿ ಉದ್ಘಾಟನೆಯಾದ ನಮ್ಮ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದನೆಯದು. ಹೋಗಿ ಬಂದರೆ ಮೂರು ಕಿಲೋಮೀಟರ್, ಪ್ಲಾಟ್‌ಫಾರ್ಮ್ ಟಿಕೆಟ್‌ಗೆ ಎರಡು ತಾಸಿನ ಅವಧಿ. ಊರ ಹೆಮ್ಮೆಯನ್ನು ನನ್ನಷ್ಟು ಸದುಪಯೋಗ ಮಾಡಿಕೊಂಡವರು ಯಾರೂ ಇರಲಾರರು. ಅಲ್ಲೂ ಒಬ್ಬರು ಸಿಕ್ಕಿ, ‘ಯಾರನ್ನು ಬಿಡಲು ಬಂದಿದ್ದೀರಿ?’ ಎಂದರು. ‘ಹೊಟ್ಟೆಯನ್ನು’ ಎಂದೆ. ಅವರು ಪಾಪ, ನನ್ನ ಹಿಂದೆ ಮುಂದೆ ಹುಡುಕಿದರು.

ಬೆವರು ಧಾರಾಳವಾಗಿ ಹರಿದರೂ ಕಾಟಾ ಅಲುಗದಿದ್ದಾಗ ಹುಡುಗ ಒಂದು ವಿಚಿತ್ರ ಸಂಗತಿ ಹೇಳಿದ. ಕೊಬ್ಬು ಬೆವರಿನಲ್ಲಿ ಹೋಗುವುದಿಲ್ಲವಂತೆ. ಹತ್ತು ಕೆಜಿ ಕೊಬ್ಬು ಕರಗಿದರೆ ಅದರಲ್ಲಿ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನ ಮೂಲಕವೇ ಹೊರಗೆ ಹೋಗುತ್ತದೆ, ಉಳಿದದ್ದು ನೀರು. ಮನೆಗೆ ಬಂದು ಇದನ್ನು ಹೇಳಿದೆ. ‘ಹಾಗಿದ್ದರೆ ನಿನ್ನನ್ನು ಸಾಕುತ್ತ ನಾನು ಬಿಟ್ಟ ನಿಟ್ಟುಸಿರಿಗೆ ಇಷ್ಟು ಹೊತ್ತಿಗೆ ಕಡ್ಡಿಯಾಗಿರಬೇಕಿತ್ತು’ ಎಂದಳು ಅವ್ವ.

ಕೊನೆಗೂ ಸೊಂಟಪಟ್ಟಿ ಒಂದು ತೂತು ಒಳಗೆ ಸರಿಯಿತು. ಆ ಹುರುಪಿನಲ್ಲೇ ಗದಗಿನ ಮದುವೆಗೆ ಹೋದೆ. ಸೋದರಮಾವ ಅಕ್ಷತೆ ಹಿಡಿದ ಕೈಯನ್ನೇ ನನ್ನ ಹೆಗಲ ಮೇಲಿಟ್ಟು, ‘ಏನಪ್ಪಾ, ಹೀಗೆ ಸೊರಗಿದ್ದೀಯಲ್ಲ! ಶುಗರ್ ತೋರಿಸಿದ್ದೀಯೋ ಇಲ್ಲವೋ?’ ಎಂದರು. ಜಿಮ್ ಎಂದೆ. ‘ಇರಲಿ, ರಕ್ತ ಒಮ್ಮೆ ತೋರಿಸು’ ಎಂದರು. ಊಟದ ಪಂಕ್ತಿಗೆ ಕೂರುವಷ್ಟರಲ್ಲಿ ನನ್ನ ಕಾಯಿಲೆಗೆ ಮೂರು ಹೆಸರುಗಳಿದ್ದವು. ಚಿಕ್ಕಮ್ಮನೊಬ್ಬಳು ಹೆಂಡತಿಯನ್ನು ಬದಿಗೆ ಕರೆದು, ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಅಡುಗೆಯಾಗುತ್ತದೆಯೇ ಎಂದು ವಿಚಾರಿಸಿದಳು. ಮರಳುವಾಗ ಕಾರಿನಲ್ಲಿ ಅಣ್ಣಿಗೇರಿ ದಾಟುವವರೆಗೂ ಹೆಂಡತಿ ನನ್ನೊಡನೆ ಮಾತನಾಡಲಿಲ್ಲ.

ಅವ್ವ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನಿದ್ದಳು. ಸುಮ್ಮನಿದ್ದುದೇಕೆಂದು ವಾರದ ಮೇಲೆ ತಿಳಿಯಿತು. ನನ್ನ ಮೈ ಮೊದಲಿನಂತಾದರೆ ನನ್ನ ತೂಕದಷ್ಟು ಬೆಲ್ಲದ ತುಲಾಭಾರ ಮಾಡಿಸುವುದಾಗಿ ಮನೆದೇವರು ವೀರಭದ್ರನಿಗೆ ಹರಕೆ ಹೊತ್ತಿದ್ದಳು. ಬೆಲ್ಲದ ಖರ್ಚು ಅಣ್ಣನದು. ಅವನು ಪೇಟೆಯಲ್ಲಿ ದರ ವಿಚಾರಿಸಿ ಬಂದು ನನ್ನನ್ನು ಮೆಲ್ಲಗೆ ಅಂಗಳಕ್ಕೆ ಕರೆದ. ‘ತಮ್ಮಾ, ಮುಂದಿನ ವರ್ಷದ ಫೀಯನ್ನೂ ನಾನೇ ಕಟ್ಟುತ್ತೇನೆ’ ಎಂದ, ‘ಜಿಮ್ ಬಿಡಬೇಡ.’